ಬಿಚ್ಚದ ಎಂಜಿನ್ ಎಷ್ಟು ತಡೆದೀತು?

ವಿದ್ಯಾರ್ಥಿ: ಒಳಭಾಗ ಯಾವುದನ್ನೂ ಬದಲಿಸದ, ಕಂಪನಿಯಿಂದ ಬಂದ ಹಾಗೇ ಇರುವ ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್ ಸುರಕ್ಷಿತವಾಗಿ ಎಷ್ಟು ಎಚ್‌ಪಿ ತಡೆಯುತ್ತದೆ? ಇದಕ್ಕೊಂದು ಅಂಕಿ ಹೇಳಲು ಬರುತ್ತದೆಯೇ ಸರ್?

ಮೇಷ್ಟ್ರು: ಒಂದು ಎಂಜಿನ್ನನ್ನು ಹೆಸರಿಸಿ ಕೇಳಿದರೆ ಬರುತ್ತದೆ. ಎಲ್ಲಕ್ಕೂ ಒಟ್ಟಿಗೆ ಹೇಳಿದರೆ ಅದು ಹರಟೆ. ಫೋಕ್ಸ್‌ವ್ಯಾಗನ್ ಗುಂಪಿನ ಇಎ888 ಎಂಜಿನ್ನಿನ ಮೂರನೇ ಪೀಳಿಗೆಯನ್ನು ತೆಗೆದುಕೊಳ್ಳೋಣ. ಏಳನೇ ಪೀಳಿಗೆಯ ಗಾಲ್ಫ್ ಜಿಟಿಐನಲ್ಲಿದ್ದದ್ದು ಅದು; 2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲಿದ್ದದ್ದೂ ಅದೇ. 1984 ಸಿಸಿ. ಬೋರ್ 82.5 ಮಿಲಿಮೀಟರ್, ಸ್ಟ್ರೋಕ್ 92.8 ಮಿಲಿಮೀಟರ್, ಎರಕದ ಕಬ್ಬಿಣದ ಬ್ಲಾಕ್. ಆರ್‌ಎಸ್‌ನಲ್ಲಿ 230 ಎಚ್‌ಪಿ, 350 ನ್ಯೂಟನ್ ಮೀಟರ್ ಟಾರ್ಕ್.

ವಿದ್ಯಾರ್ಥಿ: ಅದನ್ನೇ ಸಾಫ್ಟ್‌ವೇರ್ ಬದಲಿಸಿ 300 ಎಚ್‌ಪಿಗೆ ಏರಿಸುವವರು ಬೆಂಗಳೂರಿನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಟರ್ಬೊ ದೊಡ್ಡದು ಹಾಕಿ 400 ದಾಟಿಸುವವರೂ ಇದ್ದಾರೆ. ಎಂಜಿನ್‌ಗಳೇನೂ ಸಿಡಿದಿಲ್ಲ.

ಮೇಷ್ಟ್ರು: ಶಕ್ತಿ ಅಳೆಯುವ ಡೈನೊ ಮೇಲೆ ಹತ್ತು ಸೆಕೆಂಡು 400 ಎಚ್‌ಪಿ ತೋರಿಸುವುದು ಒಂದು. ಘಾಟಿ ಹತ್ತುತ್ತಾ, ಬೇಸಿಗೆಯಲ್ಲಿ, ಬಂಕಿನಲ್ಲಿ ಸಿಕ್ಕ ಪೆಟ್ರೋಲಿನಲ್ಲಿ, ಆಯಿಲ್ ಕುಡಿಯದೆ ಲಕ್ಷ ಕಿಲೋಮೀಟರ್ ಓಡುವುದು ಇನ್ನೊಂದು. ಇಲ್ಲಿ ‘ಸುರಕ್ಷಿತ’ ಎಂಬುದನ್ನು ಎರಡನೆಯ ಅರ್ಥದಲ್ಲೇ ಇಟ್ಟುಕೊಳ್ಳೋಣ. ಡೈನೊದಲ್ಲೂ ಚಕ್ರದ ಬಳಿ ಅಳೆದದ್ದು ಬೇರೆ, ಕ್ರ್ಯಾಂಕ್‌ಶಾಫ್ಟ್ ಬಳಿಯ ಲೆಕ್ಕ ಬೇರೆ. ನಡುವೆ ಗೇರ್‌ಬಾಕ್ಸು, ಡಿಫರೆನ್ಷಿಯಲ್, ಟೈರು ಸುಮಾರು ಹತ್ತರಿಂದ ಹದಿನೈದು ಶೇಕಡಾ ನುಂಗುತ್ತವೆ. ಯಾವುದನ್ನು ಹೇಳುತ್ತಿದ್ದಾರೆಂದು ಕೇಳದೆ ಎರಡು ಅಂಕಿಗಳನ್ನು ಹೋಲಿಸಬಾರದು.

ವಿದ್ಯಾರ್ಥಿ: ಸರಿ, ಕ್ರ್ಯಾಂಕಿನ ಲೆಕ್ಕವನ್ನೇ ಹಿಡಿಯೋಣ. ಎಷ್ಟು ಎಚ್‌ಪಿಗೆ ಎಂಜಿನ್ ಮುರಿಯುತ್ತದೆ?

ಮೇಷ್ಟ್ರು: ಎಚ್‌ಪಿಗೆ ಯಾವ ಎಂಜಿನ್ನೂ ಮುರಿಯುವುದಿಲ್ಲ. ಕನೆಕ್ಟಿಂಗ್ ರಾಡಿಗೆ ಗೊತ್ತಾಗುವುದು ಬಲ, ಪಿಸ್ಟನ್ನಿಗೆ ಗೊತ್ತಾಗುವುದು ಒತ್ತಡ ಮತ್ತು ಶಾಖ. ಎಚ್‌ಪಿ ಎಂಬುದು ಟಾರ್ಕನ್ನೂ ಆರ್‌ಪಿಎಂ ಅನ್ನೂ ಗುಣಿಸಿ ಕಾಗದದ ಮೇಲೆ ಬರುವ ಉತ್ತರ. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಮೆಟ್ರಿಕ್ ಎಚ್‌ಪಿ ಸಿಗುತ್ತದೆ. ಈಗ ಎರಡು ಸಂದರ್ಭ ನೋಡು. 6000 ಆರ್‌ಪಿಎಂನಲ್ಲಿ 350 ನ್ಯೂಟನ್ ಮೀಟರ್ ಇದ್ದರೆ ಹತ್ತಿರ ಹತ್ತಿರ 300 ಎಚ್‌ಪಿ. 2500 ಆರ್‌ಪಿಎಂನಲ್ಲಿ 500 ನ್ಯೂಟನ್ ಮೀಟರ್ ಇದ್ದರೆ ಬರೀ 178 ಎಚ್‌ಪಿ. ರಾಡ್ ಬಾಗುವ ಭಯ ಇರುವುದು ಎರಡನೆಯದರಲ್ಲಿ.

ವಿದ್ಯಾರ್ಥಿ: ವಿಚಿತ್ರ. ಕಡಿಮೆ ಶಕ್ತಿಗೆ ಹೆಚ್ಚು ಭಯವೇ?

ಮೇಷ್ಟ್ರು: ಲೆಕ್ಕ ಹಾಕಿದರೆ ವಿಚಿತ್ರ ಅನ್ನಿಸುವುದಿಲ್ಲ. 82.5 ಮಿಲಿಮೀಟರ್ ಬೋರಿನ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 53.5 ಚದರ ಸೆಂಟಿಮೀಟರ್. ಇಂಧನ ಉರಿದಾಗ ಒಳಗಿನ ಗರಿಷ್ಠ ಒತ್ತಡ 100 ಬಾರ್ ಎಂದಿಟ್ಟುಕೊಂಡರೆ ಪಿಸ್ಟನ್ನಿನ ಮೇಲೆ ಬೀಳುವ ಬಲ 53 ಕಿಲೋನ್ಯೂಟನ್ ದಾಟುತ್ತದೆ. ಐದೂವರೆ ಟನ್ ತೂಕದಷ್ಟು. ಅಷ್ಟನ್ನೂ ಒಂದು ರಾಡ್ ಹೊರಬೇಕು. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿದಷ್ಟೂ ಈ ಅಂಕಿ ಏರುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಬಲವಿದೆ, ಜಡತ್ವದ್ದು. ಪಿಸ್ಟನ್ ಮೇಲಕ್ಕೆ ಹೋಗಿ ನಿಂತು ಕೆಳಕ್ಕೆ ತಿರುಗಬೇಕಲ್ಲ, ಆ ತಿರುವಿನಲ್ಲಿ ಅದು ಮೇಲಕ್ಕೇ ಹಾರಿಹೋಗಲು ನೋಡುತ್ತದೆ. 6500 ಆರ್‌ಪಿಎಂನಲ್ಲಿ ಈ ಎಂಜಿನ್ನಿನ ಪಿಸ್ಟನ್ನಿಗಿರುವ ವೇಗೋತ್ಕರ್ಷ ಗುರುತ್ವದ ಸುಮಾರು 2900 ಪಟ್ಟು. ಪಿಸ್ಟನ್, ಪಿನ್, ರಾಡಿನ ಮೇಲ್ತುದಿ ಎಲ್ಲ ಸೇರಿ ಅರ್ಧ ಕಿಲೊ ಅಂದುಕೊಂಡರೂ 14 ಕಿಲೋನ್ಯೂಟನ್ ಆಯಿತು. ಉರಿಯುವ ಅನಿಲ ಕೆಳಕ್ಕೆ ತಳ್ಳುವಾಗ ಈ 14 ಮೇಲಕ್ಕೆ ಎಳೆಯುತ್ತಿರುತ್ತದೆ. ರಾಡಿಗೆ ತಗಲುವುದು ವ್ಯತ್ಯಾಸ ಮಾತ್ರ, ಸುಮಾರು 40. ಅದೇ 1500 ಆರ್‌ಪಿಎಂನಲ್ಲಿ ಜಡತ್ವದ ಬಲ ಒಂದು ಕಿಲೋನ್ಯೂಟನ್ನೂ ಇರುವುದಿಲ್ಲ. 53ರ ಹೊಡೆತ ಪೂರ್ತಿ ರಾಡಿನ ಮೇಲೆಯೇ.

ವಿದ್ಯಾರ್ಥಿ: ಹಾಗಾದರೆ ಆರ್‌ಪಿಎಂ ಏರಿಸಿ ಶಕ್ತಿ ಪಡೆಯುವುದೇ ಜಾಣತನ.

ಮೇಷ್ಟ್ರು: ಒಂದು ಹಂತದವರೆಗೆ. ಪಿಸ್ಟನ್ ಮೇಲಕ್ಕೆ ಬಂದಾಗಲೆಲ್ಲ ಇಂಧನ ಉರಿಯುವುದಿಲ್ಲ. ಎರಡು ಸುತ್ತಿಗೊಮ್ಮೆ, ಎಕ್ಸಾಸ್ಟ್ ಹೊಡೆತದ ಕೊನೆಯಲ್ಲಿ, ಮೇಲಿನಿಂದ ಒತ್ತುವವರು ಯಾರೂ ಇರುವುದಿಲ್ಲ. ಆಗ ಅದೇ 14 ಕಿಲೋನ್ಯೂಟನ್ ರಾಡನ್ನು ಎಳೆದು ಸೀಳಲು ನೋಡುತ್ತದೆ, ಆ ಎಳೆತವನ್ನು ಹಿಡಿದಿಡುವುದು ರಾಡಿನ ಎರಡು ಬೋಲ್ಟು. ಈ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 6500ರಿಂದ 7500ಕ್ಕೆ ಹೋದರೆ ಆರ್‌ಪಿಎಂ ಏರುವುದು ಶೇ 15, ಎಳೆತ ಏರುವುದು ಶೇ 33. ಬೂಸ್ಟ್ ರಾಡನ್ನು ಬಾಗಿಸುತ್ತದೆ, ಆರ್‌ಪಿಎಂ ರಾಡಿನ ಬೋಲ್ಟನ್ನು ಕೀಳುತ್ತದೆ. ಬೋಲ್ಟ್ ಕಿತ್ತರೆ ಬ್ಲಾಕಿಗೆ ತೂತು ಬೀಳುವುದು ಗ್ಯಾರಂಟಿ. ಬಾಗಿದ ರಾಡ್ ಕೆಲವೊಮ್ಮೆ ಸದ್ದಿಲ್ಲದೆ ಓಡುತ್ತಲೇ ಇರುತ್ತದೆ.

ವಿದ್ಯಾರ್ಥಿ: ಬಾಗಿದ್ದು ಹೊರಗಿನಿಂದ ಗೊತ್ತಾಗುವುದಿಲ್ಲವೇ?

ಮೇಷ್ಟ್ರು: ಕಂಪ್ರೆಷನ್ ಟೆಸ್ಟ್ ಮಾಡಿದರೆ ಗೊತ್ತಾಗಬಹುದು. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 9.6. ಒಂದು ಸಿಲಿಂಡರಿನ 496 ಸಿಸಿಯೂ ಮೇಲೆ ಉಳಿಯುವ 58 ಸಿಸಿಯೂ ಸೇರಿದ ಗಾಳಿ ಆ 58 ಸಿಸಿಯಷ್ಟು ಜಾಗಕ್ಕೆ ಅಡಕವಾಗುತ್ತದೆ. ರಾಡ್ ಬಾಗಿ ಒಂದು ಮಿಲಿಮೀಟರ್ ಗಿಡ್ಡವಾದರೆ ಪಿಸ್ಟನ್ ಅಷ್ಟು ಕೆಳಗೇ ನಿಲ್ಲುತ್ತದೆ, ಆ ಜಾಗ 63 ಸಿಸಿ ಆಗುತ್ತದೆ, ಅನುಪಾತ 8.9ಕ್ಕೆ ಇಳಿಯುತ್ತದೆ. ಮೂರು ಸಿಲಿಂಡರುಗಳ ಕಂಪ್ರೆಷನ್ ಒಂದೇ ಸಮವಾಗಿದ್ದು ನಾಲ್ಕನೆಯದು ಮಾತ್ರ ಕಡಿಮೆಯಿದ್ದರೆ ರಿಂಗು, ವಾಲ್ವುಗಳ ಜೊತೆಗೆ ರಾಡಿನ ಮೇಲೂ ಅನುಮಾನ ಪಡಬೇಕು.

ವಿದ್ಯಾರ್ಥಿ: ಅಂದರೆ ಕೊನೆಯ ಮಾತು ರಾಡಿನದೇ.

ಮೇಷ್ಟ್ರು: ಈ ಎಂಜಿನ್ನಿನಲ್ಲಿ ಹೆಚ್ಚುಕಡಿಮೆ ಹೌದು. ಬೇರೆ ಎಂಜಿನ್ನಿನಲ್ಲಿ ಪಿಸ್ಟನ್ ಮೊದಲು ಸೋಲುತ್ತದೆ. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐನ 2.5 ಲೀಟರ್ ಇಜೆ257 ಎಂಜಿನ್ ಇದಕ್ಕೆ ಹೆಸರುವಾಸಿ. ಅಮೆರಿಕದಲ್ಲಿ ಅದು 300 ಎಚ್‌ಪಿಯೊಂದಿಗೇ ಮಾರಾಟವಾಯಿತು. ಅದರ ಬೋರ್ 99.5 ಮಿಲಿಮೀಟರ್, ಪಿಸ್ಟನ್ನಿನ ವಿಸ್ತೀರ್ಣ ಇಎ888ಕ್ಕಿಂತ ಶೇ 45ರಷ್ಟು ಹೆಚ್ಚು. ಅದೇ ಒತ್ತಡಕ್ಕೆ ಬಲವೂ ಅಷ್ಟೇ ಹೆಚ್ಚು. ಅಗಲವಾದ ಸಿಲಿಂಡರಿನಲ್ಲಿ ಉರಿ ಮಧ್ಯದ ಸ್ಪಾರ್ಕ್ ಪ್ಲಗ್‌ನಿಂದ ಅಂಚಿಗೆ ತಲುಪಲು ಹೆಚ್ಚು ಹೊತ್ತು ಬೇಕು. ಅಂಚಿನಲ್ಲಿ ಕಾಯುತ್ತಿರುವ ಇಂಧನ ಮಿಶ್ರಣ ತಾನಾಗಿ ಸಿಡಿಯಲು ಅಷ್ಟೇ ಹೆಚ್ಚು ಅವಕಾಶ. ಅದೇ ನಾಕಿಂಗ್. ಜೊತೆಗೆ ಪಿಸ್ಟನ್ ಎರಕದ್ದು. ಪಿಸ್ಟನ್ನಿನಲ್ಲಿ ರಿಂಗುಗಳ ನಡುವೆ ಉಳಿಯುವ ಅಲ್ಯೂಮಿನಿಯಂ ಪಟ್ಟಿ ಬಹಳ ತೆಳು, ಕೆಲವೇ ಮಿಲಿಮೀಟರ್. ಅದಕ್ಕೆ ರಿಂಗ್ ಲ್ಯಾಂಡ್ ಅನ್ನುತ್ತಾರೆ. ನಾಕಿಂಗ್ ಆದಾಗ ಏಳುವ ಒತ್ತಡದ ಅಲೆ ಮೊದಲ ರಿಂಗಿನ ಸಂದಿಗೆ ನುಗ್ಗಿ ಆ ಪಟ್ಟಿಯನ್ನು ಬಡಿಯುತ್ತದೆ. ಎರಕದ ಲೋಹ ಬಾಗುವುದಿಲ್ಲ, ಬಿರಿಯುತ್ತದೆ. ಆಮೇಲೆ ಆಯಿಲ್ ಉರಿದು ನೀಲಿ ಹೊಗೆ. ಇದಕ್ಕೆ ಶಕ್ತಿ ಏರಿಸಲೇಬೇಕೆಂದಿಲ್ಲ. ಕಂಪನಿ ಕೊಟ್ಟ 300ರಲ್ಲೇ ರಿಂಗ್ ಲ್ಯಾಂಡ್ ಬಿರಿದ ಉದಾಹರಣೆಗಳಿವೆ.

ವಿದ್ಯಾರ್ಥಿ: ನಾಕಿಂಗ್ ಆದರೆ ಈಗಿನ ಕಂಪ್ಯೂಟರ್ ತಾನೇ ಸ್ಪಾರ್ಕ್ ಹಿಂದಕ್ಕೆ ಹಾಕುತ್ತದಲ್ಲವೇ?

ಮೇಷ್ಟ್ರು: ಹಾಕುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ 1978ರಲ್ಲಿ 99 ಟರ್ಬೊ ತಂದು, ದಿನನಿತ್ಯ ಓಡಿಸುವ ಕಾರಿಗೆ ಟರ್ಬೊ ಹೊಂದುತ್ತದೆಂದು ತೋರಿಸಿತು: 2 ಲೀಟರಿಗೆ 145 ಎಚ್‌ಪಿ. 1980ರ ದಶಕದ ಆರಂಭದಲ್ಲಿ ಅದೇ ಕಂಪನಿ ನಾಕಿಂಗ್ ಕೇಳಿಸಿಕೊಂಡು ಬೂಸ್ಟ್ ಇಳಿಸುವ ವ್ಯವಸ್ಥೆ ತಂದಿತು. ಈಗಿನ ಕಾರುಗಳಲ್ಲಿರುವುದು ಅದರ ಮೊಮ್ಮಕ್ಕಳು. ಆದರೆ ನಾಕ್ ಸೆನ್ಸರ್ ಕೇಳಿಸಿಕೊಳ್ಳುವುದು ಆಗಿಹೋದ ಹೊಡೆತವನ್ನು. ಮುಂದಿನ ಹೊಡೆತವನ್ನು ಅದು ತಪ್ಪಿಸುತ್ತದೆ, ಈಗಿನದನ್ನಲ್ಲ. ಕೆಲವು ಸಿಡಿತಗಳಿಗೆ ಒಂದೇ ಹೊಡೆತ ಸಾಕು. ಕಡಿಮೆ ಆರ್‌ಪಿಎಂ, ಭಾರಿ ಬೂಸ್ಟ್ ಸೇರಿದಾಗ ಪಿಸ್ಟನ್ ಅಂಚಿನ ಆಯಿಲ್ ಹನಿಯೋ ಕರಿಯ ಚೂರೋ ಸ್ಪಾರ್ಕಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುವುದುಂಟು. ಸಣ್ಣ ಟರ್ಬೊ, ನೇರ ಇಂಜೆಕ್ಷನ್ ಇರುವ ಎಂಜಿನ್‌ಗಳ ಕಾಯಿಲೆ ಇದು. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಇದಕ್ಕೆ ಕುಮ್ಮಕ್ಕು ಕೊಡುತ್ತದೆಂದು ಗೊತ್ತಾದ ಮೇಲೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಎಂಬ ಆಯಿಲ್ ದರ್ಜೆಯೇ ಬಂತು.

ರೀಮ್ಯಾಪ್ ಮಾಡಿಸಿದ, ಅಂದರೆ ಸಾಫ್ಟ್‌ವೇರ್ ಬದಲಿಸಿದ, ಕಾರನ್ನು ಶಿರಾಡಿ ಘಾಟಿಯಲ್ಲಿ, ಮೈಲೇಜ್ ಆಸೆಗೆ ಐದನೇ ಗೇರಿನಲ್ಲೇ ಇಟ್ಟುಕೊಂಡು, 1500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯುವವರಿದ್ದಾರೆ. ರೇಸ್ ಟ್ರ್ಯಾಕಿನಲ್ಲಿ 6000 ಆರ್‌ಪಿಎಂ ತಿರುಗಿಸುವವನಿಗಿಂತ ಇವರೇ ಎಂಜಿನ್ನಿಗೆ ಹೆಚ್ಚು ಹಿಂಸೆ ಕೊಡುವವರು. ಒಳ್ಳೆಯ ಟ್ಯೂನರ್ 3000ದ ಕೆಳಗೆ ಟಾರ್ಕನ್ನು ಬೇಕೆಂದೇ ಅದುಮಿ ಇಡುತ್ತಾನೆ. ಗಿರಾಕಿಗೆ ಅದು ಹಿಡಿಸುವುದಿಲ್ಲ. ಬೆನ್ನಿಗೆ ಗುದ್ದಿದಂತೆ ಎಳೆಯಬೇಕು ಅನ್ನುತ್ತಾನೆ.

ವಿದ್ಯಾರ್ಥಿ: ಪೆಟ್ರೋಲ್ ಬದಲಿಸಿದರೆ?

ಮೇಷ್ಟ್ರು: ಆಕ್ಟೇನ್ ಹೆಚ್ಚಿದ್ದಷ್ಟೂ ನಾಕಿಂಗ್ ದೂರ. ಬಿಎಸ್6 ಬಂದಾಗ ನಮ್ಮ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಆಗಿತ್ತು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಎಕ್ಸ್‌ಪಿ100 ತಂದಿತು. ಎಥನಾಲ್ ಸೇರಿದ ಪೆಟ್ರೋಲಿಗೂ ಒಂದು ಗುಣವಿದೆ. ಎಥನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಗಾಳಿಯನ್ನು ಚೆನ್ನಾಗಿ ತಣಿಸುತ್ತದೆ. ಆದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಶೇ 20 ಎಥನಾಲ್ ಇರುವ ಇ20 ಹಾಕಿದರೆ ಅಷ್ಟೇ ಕೆಲಸಕ್ಕೆ ಸುಮಾರು ಶೇ 7ರಷ್ಟು ಹೆಚ್ಚು ಇಂಧನ ಸುರಿಯಬೇಕು. ಇಂಜೆಕ್ಟರೂ ಪಂಪೂ ಮೊದಲೇ ಮಿತಿ ಮುಟ್ಟಿದ್ದರೆ ಮಿಶ್ರಣ ತೆಳುವಾಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಅದು ಅಪಾಯ. 100 ಆಕ್ಟೇನ್ ನಂಬಿ ಬರೆದ ಮ್ಯಾಪಿಗೆ 91 ಸುರಿಯುವುದೂ ಹಾಗೆಯೇ. ಊರು ಬಿಟ್ಟು ಇನ್ನೂರು ಕಿಲೋಮೀಟರ್ ಹೋದರೆ ಆ ಪೆಟ್ರೋಲ್ ಸಿಗುತ್ತದೆಯೇ ಎಂಬುದನ್ನು ಮ್ಯಾಪ್ ಬರೆಸುವ ಮೊದಲೇ ಯೋಚಿಸಬೇಕು.

ವಿದ್ಯಾರ್ಥಿ: ಫೋಕ್ಸ್‌ವ್ಯಾಗನ್ನೇ ಗಾಲ್ಫ್ ಆರ್‌ನಲ್ಲಿ ಇದೇ ಎಂಜಿನ್ನಿಂದ 300 ಎಚ್‌ಪಿ ತೆಗೆದಿದೆಯಲ್ಲ. ಅಂದಮೇಲೆ ಜಿಟಿಐ, ಆರ್‌ಎಸ್‌ಗಳಿಗೂ 300 ಸುರಕ್ಷಿತ ಅಂತಲೇ ಅರ್ಥವಲ್ಲವೇ?

ಮೇಷ್ಟ್ರು: ಗಾಲ್ಫ್ ಆರ್‌ಗೆ ಕಂಪನಿ ಏನೇನು ಬದಲಿಸಿತು ಎಂಬ ಪಟ್ಟಿ ನೋಡಿದರೆ ಬಹಳ ತಿಳಿಯುತ್ತದೆ. ಸಿಲಿಂಡರ್ ಹೆಡ್, ಎಕ್ಸಾಸ್ಟ್ ವಾಲ್ವ್, ವಾಲ್ವ್ ಸೀಟು, ಸ್ಪ್ರಿಂಗು, ಪಿಸ್ಟನ್, ಇಂಜೆಕ್ಟರ್, ಟರ್ಬೊ. ಕಂಪ್ರೆಷನ್ 9.6ರಿಂದ 9.3ಕ್ಕೆ ಇಳಿಯಿತು. ಟಾರ್ಕ್ ಏರಿದ್ದು 350ರಿಂದ 380ಕ್ಕೆ ಮಾತ್ರ. ಬದಲಾದವುಗಳಲ್ಲಿ ಹೆಚ್ಚಿನವು ಬೆಂಕಿಯ ಪಕ್ಕದಲ್ಲಿ ಕೂರುವ ಭಾಗಗಳು. 230ರಿಂದ 300ರ ದಾರಿಯಲ್ಲಿ ಕಂಪನಿಗೆ ಶಾಖದ ಚಿಂತೆಯೇ ದೊಡ್ಡದಾಗಿತ್ತು ಎಂದು ಇದರಿಂದ ಓದಿಕೊಳ್ಳಬಹುದು. ಎಕ್ಸಾಸ್ಟ್ ಅನಿಲದ ಉಷ್ಣತೆ ಇಂಥ ಎಂಜಿನ್‌ಗಳಲ್ಲಿ 950 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಯೂಮಿನಿಯಂ ಪಿಸ್ಟನ್ 300 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಣಿಸುವುದು. ಜಿಟಿಐಗೆ ಬರೀ ಸಾಫ್ಟ್‌ವೇರಿನಿಂದ 300 ತೆಗೆದರೆ ಆ ಭಾಗಗಳು ಹಳೆಯವೇ ಇರುತ್ತವೆ. ಒಂದೆರಡು ಓವರ್‌ಟೇಕಿಗೆ ಏನೂ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಅದೇ ಶಕ್ತಿಯನ್ನು ಕೇಳಿದರೆ ಮಾತು ಬೇರೆ.

ವಿದ್ಯಾರ್ಥಿ: ಟರ್ಬೊ ಸ್ವತಃ ಎಷ್ಟು ತಡೆಯುತ್ತದೆ?

ಮೇಷ್ಟ್ರು: ಅದಕ್ಕೂ ತಿರುಗುವ ವೇಗದ ಮಿತಿಯಿದೆ, ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸು. ಇದರಲ್ಲಿ ಊರಿನ ಎತ್ತರವೂ ಸೇರುತ್ತದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 0.91. ಎಂಜಿನ್ನಿಗೆ ಒಟ್ಟು 2.2 ಬಾರ್ ಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.2 ಪಟ್ಟಿಗಿಂತ ಕಡಿಮೆ ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.4 ಪಟ್ಟು ಒತ್ತಬೇಕು. ಹೆಚ್ಚು ತಿರುಗಬೇಕು, ಗಾಳಿ ಹೆಚ್ಚು ಬಿಸಿಯಾಗುತ್ತದೆ, ಇಂಟರ್‌ಕೂಲರಿಗೆ ಹೆಚ್ಚು ಕೆಲಸ. ಕಡಲ ಮಟ್ಟದ ಊರಿನಲ್ಲಿ ಬರೆದ ಮ್ಯಾಪನ್ನು ಕಣ್ಣುಮುಚ್ಚಿ ಇಲ್ಲಿಗೆ ತರಬಾರದು. ಟರ್ಬೊ ಬ್ಲೇಡು ಮುರಿದರೆ ಚೂರುಗಳು ಎಲ್ಲಿಗೆ ಹೋಗುತ್ತವೆಂದು ಬಿಡಿಸಿ ಹೇಳಬೇಕಿಲ್ಲ.

ವಿದ್ಯಾರ್ಥಿ: ಬ್ಲಾಕು, ಹೆಡ್ ಗ್ಯಾಸ್ಕೆಟ್?

ಮೇಷ್ಟ್ರು: ಕಬ್ಬಿಣದ ಬ್ಲಾಕಿನಲ್ಲಿ ಈ ಮಟ್ಟದ ಶಕ್ತಿಗೆ ಅವು ಮೊದಲು ಸೋಲುವುದು ಅಪರೂಪ. ಬ್ಲಾಕ್ ಎಷ್ಟು ಗಟ್ಟಿ ಎಂಬುದಕ್ಕೆ ಬಿಎಂಡಬ್ಲ್ಯು ಕಥೆ ಒಂದಿದೆ. 1983ರಲ್ಲಿ ನೆಲ್ಸನ್ ಪಿಕೆ ಬ್ರಾಬಮ್ ಕಾರಿನಲ್ಲಿ ಫಾರ್ಮುಲಾ ವನ್ ಚಾಂಪಿಯನ್ ಆದಾಗ ಹಿಂದೆ ಕೂತಿದ್ದ ಒಂದೂವರೆ ಲೀಟರಿನ ಟರ್ಬೊ ಎಂಜಿನ್, ಕಂಪನಿಯ ಸಾಮಾನ್ಯ ಕಾರುಗಳ ಎಂ10 ಎಂಜಿನ್ನಿನ ಕಬ್ಬಿಣದ ಬ್ಲಾಕಿನ ಮೇಲೆ ಕಟ್ಟಿದ್ದು. 1986ರ ಹೊತ್ತಿಗೆ ಅರ್ಹತಾ ಸುತ್ತುಗಳಲ್ಲಿ ಅದು 1300 ಎಚ್‌ಪಿ ದಾಟುತ್ತಿತ್ತು ಎನ್ನುತ್ತಾರೆ. ಆ ಎಂಜಿನ್ನಿನ ಆಯುಷ್ಯ ಮಾತ್ರ ಕೆಲವೇ ಸುತ್ತು. ಬ್ಲಾಕ್ ಒಂದನ್ನು ಬಿಟ್ಟರೆ ಒಳಗಿನದೆಲ್ಲ ರೇಸಿಗೆಂದೇ ಮಾಡಿದ್ದು.

ವಿದ್ಯಾರ್ಥಿ: ಹಾಗಿದ್ದರೆ ಶಕ್ತಿಯ ಜೊತೆ ಕಾಲವನ್ನೂ ಹೇಳಲೇಬೇಕು.

ಮೇಷ್ಟ್ರು: ಲೋಹದ ದಣಿವು ಅಂದರೆ ಅದೇ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳು ಯಾಕೆ ಮುರಿಯುತ್ತವೆಂದು ಹುಡುಕುತ್ತಾ ಕಂಡುಕೊಂಡದ್ದು: ಒಮ್ಮೆ ಹೇರಿದರೆ ಏನೂ ಮಾಡದ ಭಾರ, ಲಕ್ಷಾಂತರ ಸಲ ಹೇರಿದರೆ ಮುರಿಯುತ್ತದೆ. 3000 ಆರ್‌ಪಿಎಂನಲ್ಲಿ ನೂರು ಗಂಟೆ ಓಡಿದ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲೂ 90 ಲಕ್ಷ ಸಲ ಇಂಧನ ಉರಿದಿರುತ್ತದೆ. ಉಕ್ಕಿಗೆ ಒಂದು ಮಿತಿಯಿದೆ. ಭಾರ ಅದರೊಳಗಿದ್ದರೆ ಎಷ್ಟು ಕಾಲವಾದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಭಾರ ಏರಿಸಿದಷ್ಟೂ ಪಿಸ್ಟನ್ನಿನ ಆಯುಷ್ಯ ಕರಗುತ್ತದೆ.

ಕಂಪನಿಗಳು ಇದನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಕಟ್ಟಿದರೆ ಎಷ್ಟು ಸಾಧ್ಯ ಎಂಬುದಕ್ಕೆ 2019ರ ಮರ್ಸಿಡಿಸ್ ಎಎಂಜಿ ಎಂ139 ಸಾಕ್ಷಿ. 1991 ಸಿಸಿ, 421 ಎಚ್‌ಪಿ, 500 ನ್ಯೂಟನ್ ಮೀಟರ್, 2.1 ಬಾರ್ ಬೂಸ್ಟ್, ವಾರಂಟಿ ಸಹಿತ. ಅದರ ಪಿಸ್ಟನ್ನೂ ಕ್ರ್ಯಾಂಕೂ ಫೋರ್ಜ್ ಮಾಡಿದವು, ಬ್ಲಾಕಿನ ಮೇಲ್ಭಾಗ ಮುಚ್ಚಿದ್ದು. ಅದನ್ನು ತೋರಿಸಿ ಎಲ್ಲ ಎರಡು ಲೀಟರ್ ಎಂಜಿನ್‌ಗಳೂ 420 ತಡೆಯುತ್ತವೆ ಎನ್ನುವವರ ಗ್ಯಾರೇಜಿಗೆ ಕಾರು ಬಿಡಬಾರದು.

ವಿದ್ಯಾರ್ಥಿ: ಈಗಲಾದರೂ ಇಎ888ಕ್ಕೆ ಅಂಕಿ ಹೇಳಿ ಸರ್.

ಮೇಷ್ಟ್ರು: ಒಳಭಾಗ ಬದಲಿಸದ ಮೂರನೇ ಪೀಳಿಗೆಯ 2 ಲೀಟರಿಗೆ ಟಾರ್ಕ್ 420 ನ್ಯೂಟನ್ ಮೀಟರ್ ಒಳಗೆ, ಅದೂ 3000 ಆರ್‌ಪಿಎಂ ಮೇಲೆ, ಶಕ್ತಿ 300 ಎಚ್‌ಪಿ ಸುತ್ತಮುತ್ತ. 95ಕ್ಕಿಂತ ಕಡಿಮೆಯಿಲ್ಲದ ಆಕ್ಟೇನ್, ಒಳ್ಳೆಯ ಇಂಟರ್‌ಕೂಲರ್, ಹೊತ್ತಿಗೆ ಸರಿಯಾಗಿ ಆಯಿಲ್. ರಸ್ತೆಯ ಮೇಲೆ ದಿನನಿತ್ಯ ಓಡಾಡಲು ಇಷ್ಟು ನೆಮ್ಮದಿಯ ಮಟ್ಟ. 450ರಿಂದ 500 ನ್ಯೂಟನ್ ಮೀಟರ್ ನಡುವೆ ರಾಡಿನ ಮೇಲೆ ಸಾಲ ಮಾಡಿದಂತೆ. ಗಾಲ್ಫ್ ಆರ್‌ನ ದೊಡ್ಡ ಟರ್ಬೊ ಹಾಕಿ, ಟಾರ್ಕನ್ನು ಕೆಳಗೆ ಅದುಮಿಟ್ಟು ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಪಡೆದರೆ 380, 400 ಎಚ್‌ಪಿ ಸಿಗುತ್ತದೆ, ಟ್ಯೂನರ್‌ಗಳು ಹಾಗೆ ಓಡಿಸುತ್ತಲೂ ಇದ್ದಾರೆ. ಅಲ್ಲಿಂದಾಚೆಗೆ ರಾಡು, ಪಿಸ್ಟನ್ ಬದಲಿಸದೆ ಹೋಗುವವರು ಇನ್ನೊಂದು ಎಂಜಿನ್ನಿಗೆ ದುಡ್ಡು ಎತ್ತಿಟ್ಟುಕೊಂಡಿರಬೇಕು.

ವಿದ್ಯಾರ್ಥಿ: ಗೇರ್‌ಬಾಕ್ಸ್ ಅಷ್ಟನ್ನು ತಡೆಯುತ್ತದೆಯೇ?

ಮೇಷ್ಟ್ರು: ಅನೇಕ ಸಲ ಎಂಜಿನ್ನಿಗಿಂತ ಮೊದಲು ಅದೇ ಕೈಕೊಡುತ್ತದೆ. 2016ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಸೂಪರ್ಬ್ 1.8 ಟಿಎಸ್‌ಐ ಇದಕ್ಕೆ ಸ್ಪಷ್ಟ ಉದಾಹರಣೆ. ಮ್ಯಾನುಯಲ್ ಗೇರಿನದರಲ್ಲಿ 320 ನ್ಯೂಟನ್ ಮೀಟರ್, ಡಿಎಸ್‌ಜಿ ಆಟೊಮ್ಯಾಟಿಕ್‌ನಲ್ಲಿ 250. ಶಕ್ತಿ ಎರಡರಲ್ಲೂ 180 ಎಚ್‌ಪಿ. ಆ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿಯ ವಿನ್ಯಾಸದ ಮಿತಿಯೇ 250. ಆದ್ದರಿಂದ ಕಂಪನಿಯೇ ಎಂಜಿನ್ನಿನ ಟಾರ್ಕನ್ನು ಅಲ್ಲಿಗೆ ಕಟ್ಟಿಹಾಕಿತು. ಆ ಕಟ್ಟನ್ನು ಬಿಚ್ಚಿ 350 ಹರಿಸಿದರೆ ಎಂಜಿನ್ ಹಾಯಾಗಿರುತ್ತದೆ, ಕ್ಲಚ್ ಸುಡುತ್ತದೆ. ಆರ್‌ಎಸ್‌ನ ಆರು ಗೇರಿನ ಡಿಎಸ್‌ಜಿಯ ಕ್ಲಚ್ ಆಯಿಲಿನಲ್ಲಿ ಮುಳುಗಿರುವಂಥದ್ದು, ಹೆಚ್ಚು ತಡೆಯುತ್ತದೆ. ಆದರೂ 400 ದಾಟಿಸುವವರು ಗೇರ್‌ಬಾಕ್ಸಿನ ಸಾಫ್ಟ್‌ವೇರಿನಲ್ಲಿ ಕ್ಲಚ್ ಒತ್ತಡ ಏರಿಸಲೇಬೇಕು.

ವಿದ್ಯಾರ್ಥಿ: ಮ್ಯಾಪ್ ಹಾಕಿಸಿದ ಮೇಲೆ ಮಿತಿಯೊಳಗೇ ಇದೆಯೆಂದು ತಿಳಿಯುವುದು ಹೇಗೆ?

ಮೇಷ್ಟ್ರು: ಲಾಗ್ ತೆಗೆದು. ಮೂರನೇ ಗೇರಿನಲ್ಲಿ 2500ರಿಂದ 6500ರವರೆಗೆ ಒಂದು ಪೂರ್ತಿ ಎಳೆತ, ಖಾಲಿ ಟ್ರ್ಯಾಕಿನಲ್ಲೋ ಡೈನೊ ಮೇಲೋ. ಪ್ರತಿ ಸಿಲಿಂಡರಿನಲ್ಲೂ ನಾಕಿಂಗ್‌ಗೆ ಸ್ಪಾರ್ಕ್ ಎಷ್ಟು ಡಿಗ್ರಿ ಹಿಂದೆ ಸರಿಯಿತು, ಕೇಳಿದ ಬೂಸ್ಟಿಗೂ ಬಂದ ಬೂಸ್ಟಿಗೂ ಎಷ್ಟು ಅಂತರ, ಒಳಗೆ ಹೋಗುವ ಗಾಳಿಯ ಉಷ್ಣತೆ ಎಷ್ಟು ಏರಿತು, ಇಂಧನದ ರೈಲ್ ಒತ್ತಡ ಕುಸಿಯಿತೇ, ಈ ನಾಲ್ಕನ್ನು ನೋಡಬೇಕು. ಒಂದೆರಡು ಡಿಗ್ರಿ ಆಗಾಗ ಹಿಂದೆ ಸರಿಯುವುದು ಸಹಜ. ಒಂದೇ ಸಿಲಿಂಡರಿನಲ್ಲಿ ಪ್ರತಿ ಸಲವೂ ನಾಲ್ಕೈದು ಡಿಗ್ರಿ ಸರಿಯುತ್ತಿದ್ದರೆ ಬೂಸ್ಟ್ ಇಳಿಸಬೇಕು, ಇಲ್ಲವೇ ಪೆಟ್ರೋಲ್ ಬದಲಿಸಬೇಕು. ಮೊದಲ ಎಳೆತದ ಲಾಗ್ ಎಲ್ಲರದ್ದೂ ಚೆನ್ನಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಬೆನ್ನುಬೆನ್ನಿಗೆ ತೆಗೆದ ನಾಲ್ಕನೆಯದನ್ನು ಟ್ಯೂನರ್ ಹತ್ತಿರ ಕೇಳಿ ಪಡೆಯಬೇಕು.